ಒಂದೇ ಕ್ಲಬ್ಬಿನ ಮೂವರು

ಫ್ಯಾಂಟಸಿ ಪ್ರೀಮಿಯರ್ ಲೀಗ್ ಆಟಕ್ಕೆ ನಿಯಮಗಳು ಹಲವು. ಅವುಗಳಲ್ಲಿ ಪ್ರತಿ ಜುಲೈಯಲ್ಲಿ ನನ್ನ ನಿದ್ದೆ ಕೆಡಿಸುವುದು ಒಂದೇ: ಒಂದು ಕ್ಲಬ್ಬಿನಿಂದ ಮೂವರಿಗಿಂತ ಹೆಚ್ಚು ಆಟಗಾರರನ್ನು ತೆಗೆದುಕೊಳ್ಳುವಂತಿಲ್ಲ. ಲಿವರ್‌ಪೂಲ್ ಮೇಲೆ ಜೀವ ಇಟ್ಟುಕೊಂಡವನಿಗೂ ಮೂರೇ ಜಾಗ. ಗೋಲ್‌ಕೀಪರನಿಂದ ಹಿಡಿದು ಮುಂದೆ ನಿಂತು ಗೋಲು ಹೊಡೆಯುವವನ ತನಕ ಎಲ್ಲರೂ ನಮ್ಮವರೇ ಅನ್ನಿಸುತ್ತಿರುತ್ತಾರೆ. ಆದರೂ ಮೂವರ ಕೈ ಹಿಡಿದು ಉಳಿದವರಿಗೆ ಬೇಡ ಅನ್ನಬೇಕು. ಪ್ರೀತಿ ಮಾಡುವುದು ಸುಲಭ, ಪ್ರೀತಿಸಿದವರೊಳಗೆ ಆರಿಸುವುದು ಕಷ್ಟ. ಆ ಕಷ್ಟದಲ್ಲಿ ನನಗೆ ಸಿಕ್ಕಿದ ಸುಖದ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು.

ನಮ್ಮದು ನಾಲ್ಕೂರಿನ ಲೀಗು. ಬೈಲಹೊಂಗಲದ ಬಜಾರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡ ನಾನು. ಕಿತ್ತೂರಿನಲ್ಲಿ ಕಾಲೇಜಿಗೆ ಹೋಗುವ ನನ್ನ ಅಕ್ಕನ ಮಗಳು. ಸವದತ್ತಿಯಲ್ಲಿ ಗಣಿತ ಕಲಿಸುವ ಹೈಸ್ಕೂಲು ಮಾಸ್ತರರು. ರಾಮದುರ್ಗದಲ್ಲಿ ಮಗ್ಗದ ಮನೆಯ ಹುಡುಗನೊಬ್ಬ. ನಾಲ್ವರೂ ಒಟ್ಟಿಗೆ ಕೂತು ಪಂದ್ಯ ನೋಡಿದ್ದು ಅಪರೂಪ. ವಾಟ್ಸಾಪಿನ ಗುಂಪೇ ನಮ್ಮ ಕಟ್ಟೆ. ಯಾರು ಬೇಕು, ಯಾರು ಬೇಡ, ಯಾರ ಮೊಣಕಾಲು ನೋಯುತ್ತಿದೆ ಎಂಬ ಚರ್ಚೆ ಅಲ್ಲಿ ವರ್ಷವಿಡೀ ನಡೆಯುತ್ತದೆ.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ 20 ಕ್ಲಬ್ಬುಗಳು. ಒಂದೊಂದಕ್ಕೂ ಆಗಸ್ಟಿನಿಂದ ಮೇ ತನಕ 38 ಪಂದ್ಯ. ಲೀಗಿನವರು ಪ್ರತಿ ಆಟಗಾರನಿಗೂ ಒಂದು ಬೆಲೆ ಕಟ್ಟುತ್ತಾರೆ. ನಮ್ಮ ಕೈಗೆ ಲೆಕ್ಕಕ್ಕಷ್ಟೇ ಇರುವ 100 ಮಿಲಿಯನ್ ಪೌಂಡು. ಅದರಲ್ಲಿ ಇಬ್ಬರು ಗೋಲ್‌ಕೀಪರ್, ಐವರು ಡಿಫೆಂಡರ್, ಐವರು ಮಿಡ್‌ಫೀಲ್ಡರ್, ಮೂವರು ಫಾರ್ವರ್ಡ್, ಒಟ್ಟು 15 ಮಂದಿಯನ್ನು ಕೊಳ್ಳಬೇಕು. ಅವರಲ್ಲಿ ಹನ್ನೊಂದು ಮಂದಿ ಆ ವಾರ ಆಡಿದರೆಂದು ಲೆಕ್ಕ, ಉಳಿದ ನಾಲ್ವರು ಬೆಂಚಿನ ಮೇಲೆ. ನಿಜವಾದ ಪಂದ್ಯದಲ್ಲಿ ಅವರು ಮಾಡಿದ್ದೆಲ್ಲ ನಮಗೆ ಅಂಕ: ಫಾರ್ವರ್ಡ್ ಹೊಡೆದ ಗೋಲಿಗೆ 4, ಮಿಡ್‌ಫೀಲ್ಡರ್ ಹೊಡೆದರೆ 5, ಡಿಫೆಂಡರ್ ಹೊಡೆದರೆ 6, ಗೋಲಿಗೆ ದಾರಿ ಮಾಡಿಕೊಟ್ಟವನಿಗೆ 3, ತಂಡ ಒಂದೂ ಗೋಲು ಬಿಟ್ಟುಕೊಡದಿದ್ದರೆ ಹಿಂದೆ ನಿಂತವರಿಗೆ 4. ಹಳದಿ ಕಾರ್ಡಿಗೆ ಒಂದು ಕಳೆ, ಕೆಂಪಿಗೆ ಮೂರು ಕಳೆ. ಒಬ್ಬನನ್ನು ಕ್ಯಾಪ್ಟನ್ ಮಾಡಿದರೆ ಅವನ ಅಂಕ ದುಪ್ಪಟ್ಟು. 2002ರಲ್ಲಿ ಶುರುವಾದ ಈ ಆಟವನ್ನು ಈಗ ಜಗತ್ತಿನಲ್ಲಿ ಒಂದು ಕೋಟಿಗೂ ಹೆಚ್ಚು ಮಂದಿ ಆಡುತ್ತಾರೆ. ಆಡಲು ಒಂದು ಪೈಸೆ ಕೊಡಬೇಕಿಲ್ಲ.

ನಮ್ಮ ಕಡೆಯ ಮೈದಾನಗಳಲ್ಲಿ ಫುಟ್ಬಾಲಿಗೆ ದೊಡ್ಡ ಹೆಸರಿಲ್ಲ. ಇಲ್ಲಿ ಕಬಡ್ಡಿ, ಖೋ-ಖೋ, ವಾಲಿಬಾಲ್, ಜಾತ್ರೆ ಬಂದರೆ ಕುಸ್ತಿ, ಉಳಿದ ಹೊತ್ತೆಲ್ಲ ಕ್ರಿಕೆಟ್. ಕಾಲ್ಚೆಂಡು ನೋಡಬೇಕೆಂದರೆ ಬೆಳಗಾವಿಯ ಕ್ಯಾಂಪಿಗೋ ಲೇಲೆ ಮೈದಾನಕ್ಕೋ ಹೋಗಬೇಕು. ನಾನು ಈ ಆಟಕ್ಕೆ ಮನಸೋತದ್ದು ಧಾರವಾಡದಲ್ಲಿ, ಹಾಸ್ಟೆಲ್ಲಿನ ಟಿವಿ ಕೋಣೆಯಲ್ಲಿ. 2005ರ ಮೇ 25ರ ರಾತ್ರಿ, ನಮ್ಮ ಗಡಿಯಾರದಲ್ಲಿ ಹನ್ನೆರಡೂ ಕಾಲಿಗೆ, ಇಸ್ತಾಂಬುಲಿನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ಶುರುವಾಯಿತು. ಮಧ್ಯಂತರಕ್ಕೆ ಎಸಿ ಮಿಲಾನ್ ಮೂರು, ಲಿವರ್‌ಪೂಲ್ ಸೊನ್ನೆ. ಕೋಣೆಯಲ್ಲಿದ್ದ ಬಹಳ ಮಂದಿ ಎದ್ದು ಮಲಗಲು ಹೋದರು. ಆಮೇಲೆ ಆರೇಳು ನಿಮಿಷದೊಳಗೆ ಜೆರಾರ್ಡ್, ಸ್ಮಿಸರ್, ಅಲೊನ್ಸೊ ಮೂರೂ ತೀರಿಸಿಬಿಟ್ಟರು. ಪೆನಾಲ್ಟಿಯಲ್ಲಿ ಗೆದ್ದಾಗ ಮಲಗಿದವರನ್ನೆಲ್ಲ ಎಬ್ಬಿಸಿಕೊಂಡು ಬಂದೆವು. ಸೋತೇ ಹೋಯಿತು ಅಂದ ಮೇಲೂ ಮೈದಾನ ಬಿಡದೆ ನಿಂತ ಆ ಹನ್ನೊಂದು ಮಂದಿಗೆ ಅಂದು ಕೊಟ್ಟ ಮನಸ್ಸನ್ನು ಇಂದಿಗೂ ವಾಪಸು ಕೇಳಿಲ್ಲ.

ರಾಮದುರ್ಗದ ಹುಡುಗ ಒಮ್ಮೊಮ್ಮೆ ಕೇಳುತ್ತಾನೆ: “ಅಣ್ಣಾರ, ನಮ್ಮ ಬೆಂಗಳೂರು ಎಫ್‌ಸಿ ಬಿಟ್ಟು ಇಂಗ್ಲೆಂಡಿನವರ ಹಿಂದ ಯಾಕ ಬಿದ್ದೀವ್ರಿ ನಾವು?” ಸರಿಯಾದ ಪ್ರಶ್ನೆಯೇ. 2013ರಲ್ಲಿ ಹುಟ್ಟಿ ಮೊದಲ ವರ್ಷವೇ ಐ-ಲೀಗ್ ಗೆದ್ದ ಕ್ಲಬ್ಬು ಅದು. 2019ರ ಮಾರ್ಚಿನಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲಿಗೆ ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) ಕಪ್ಪು ಕರ್ನಾಟಕಕ್ಕೆ ಬಂತು. ಸುನಿಲ್ ಛೆಟ್ರಿಯನ್ನು ನಮ್ಮ ನಾಲ್ವರಲ್ಲಿ ಯಾರೂ ಬಿಟ್ಟುಕೊಡುವವರಲ್ಲ. ಆದರೆ 2025ರ ಆಗಸ್ಟಿನಲ್ಲಿ ಐಎಸ್‌ಎಲ್ ನಡೆಯುತ್ತದೋ ಇಲ್ಲವೋ ಎಂಬುದೇ ಇತ್ಯರ್ಥವಾಗಿರಲಿಲ್ಲ. ನಡೆಸುವ ಒಪ್ಪಂದದ ತಕರಾರಿನಲ್ಲಿ ಇಡೀ ಸೀಸನ್ ನಿಂತುಹೋಗಿತ್ತು. ನಮ್ಮ ಆಟಗಾರರು ಆಟವೇ ಇಲ್ಲದೆ ಕೂತದ್ದು ನನಗೆ ಈಗಲೂ ಸಂಕಟದ ಸಂಗತಿ.

ಇನ್ನು ಆರಿಸುವ ವಿಷಯ. ಆರಿಸುವುದನ್ನು ನನಗೆ ಕಲಿಸಿದವನು ನನ್ನ ಅಜ್ಜ, ದನದ ಸಂತೆಯಲ್ಲಿ. ಎತ್ತು ಕೊಳ್ಳಲು ಹೋದರೆ ಅಜ್ಜ ಮೊದಲು ಒಂದು ಸುತ್ತು ಸುಮ್ಮನೆ ತಿರುಗುತ್ತಿದ್ದ. ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ ನಿಲ್ಲಿಸಿದ ಕಿಲಾರಿ ಜೋಡಿಯ ಮುಂದೆ ಮಂದಿ ಮುಗಿಬಿದ್ದಿರುತ್ತಿದ್ದರು. ಅಜ್ಜ ಅತ್ತ ನೋಡಿ ಕಣ್ಣು ತಣಿಸಿಕೊಂಡು ಮುಂದೆ ಹೋಗುತ್ತಿದ್ದ. ಆಮೇಲೆ ಯಾವುದೋ ಮೂಲೆಯಲ್ಲಿ ನಿಂತ ಎತ್ತಿನ ಹತ್ತಿರ ಕೂತುಬಿಡುತ್ತಿದ್ದ. ತುಟಿ ಎತ್ತಿ ಹಲ್ಲು ಎಣಿಸುವುದು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ. ಗೊರಸಿನ ಸಂದು ನೋಡುವುದು. ಬೆನ್ನ ಮೇಲಿನ ಸುಳಿ ನೋಡುವುದು. ಹೆಗಲ ಮೇಲೆ ನೊಗದ ಕಾಯಿ ಬಿದ್ದಿದೆಯೋ ಎಂದು ಬೆರಳಿಂದ ಒತ್ತುವುದು. ಕೊನೆಗೆ ಹತ್ತು ಹೆಜ್ಜೆ ನಡೆಸಿ, ಹಿಂದಿನ ಕಾಲು ಮುಂದಿನ ಕಾಲಿನ ಹೆಜ್ಜೆಯ ಮೇಲೇ ಬೀಳುತ್ತದೆಯೋ ನೋಡುವುದು. ದಲಾಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುವ ಹೊತ್ತಿಗೆ ಅಜ್ಜನ ಮನಸ್ಸು ಗಟ್ಟಿಯಾಗಿರುತ್ತಿತ್ತು. “ಒಂದಿನ ಓಡೂ ಎತ್ತು ಬ್ಯಾಡ ತಮ್ಮಾ. ಹಂಗಾಮ ಪೂರ್ತಿ ನಡಿಯೂ ಎತ್ತು ನೋಡು,” ಎನ್ನುತ್ತಿದ್ದ.

ಫ್ಯಾಂಟಸಿ ತಂಡ ಕಟ್ಟುವವರೆಲ್ಲ ಈ ಮಾತನ್ನು ಬರೆದಿಟ್ಟುಕೊಳ್ಳಬೇಕು. ಸೀಸನ್ನಿಗೆ ಮುಂಚಿನ ಸ್ನೇಹಪಂದ್ಯಗಳಲ್ಲಿ ಮಿಂಚಿದವನ ಹಿಂದೆ ಊರೆಲ್ಲ ಓಡುತ್ತದೆ. ಕೇಳಬೇಕಾದ್ದು ಬೇರೆಯೇ: ಇವನು ವಾರ ವಾರ ತೊಂಬತ್ತು ನಿಮಿಷ ಆಡುತ್ತಾನೋ? ಕೋಚಿನ ಮನಸ್ಸಿನಲ್ಲಿ ಇವನ ಜಾಗ ಭದ್ರವೋ? ಕಳೆದ ಮೂರು ವರ್ಷ ಎಷ್ಟು ಪಂದ್ಯ ಗಾಯದಿಂದ ತಪ್ಪಿಸಿಕೊಂಡ? ಹೊಸದಾಗಿ ಬಂದವನಾದರೆ ಅವನನ್ನು ಎಲ್ಲಿ ನಿಲ್ಲಿಸುತ್ತಾರೆ? ಗೋಲಿನ ಅಂಕ ಆಮೇಲಿನ ಮಾತು.

2025ರ ಜುಲೈಯಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಎಂದಿಗಿಂತ ಕಷ್ಟವಾಗಿತ್ತು. ಲಿವರ್‌ಪೂಲ್ ಆಗಷ್ಟೇ ತನ್ನ ಇಪ್ಪತ್ತನೆಯ ಲೀಗ್ ಪಟ್ಟ ಗೆದ್ದಿತ್ತು. ಗೆದ್ದ ತಂಡವನ್ನು ಸಾಮಾನ್ಯವಾಗಿ ಯಾರೂ ಕೆದಕುವುದಿಲ್ಲ, ಇವರು ಕೆದಕಿದರು. ಟ್ರೆಂಟ್ ಅಲೆಕ್ಸಾಂಡರ್-ಆರ್ನಾಲ್ಡ್ ರಿಯಲ್ ಮ್ಯಾಡ್ರಿಡಿಗೆ ಹೋದ. ಲೂಯಿಸ್ ಡಿಯಾಸ್ ಬಯರ್ನ್ ಮ್ಯೂನಿಕ್ ಸೇರಿದ. ಲೆವರ್‌ಕುಸನ್ನಿನಿಂದ ಫ್ಲೋರಿಯನ್ ವಿರ್ಟ್ಸ್ ಮತ್ತು ಜೆರೆಮಿ ಫ್ರಿಂಪಾಂಗ್, ಫ್ರಾಂಕ್‌ಫರ್ಟಿನಿಂದ ಹ್ಯೂಗೊ ಎಕಿಟಿಕೆ, ಬೋರ್ನ್‌ಮತ್ತಿನಿಂದ ಮಿಲೋಸ್ ಕೆರ್ಕೆಜ್ ಬಂದರು. ದರಪಟ್ಟಿ ಹೊರಬಿದ್ದ ದಿನ ಅಂಗಡಿಯಲ್ಲಿ ಯೂರಿಯಾ ಯಾವಾಗ ಬರುತ್ತದೆ ಎಂದು ಕೇಳುವ ರೈತರ ಸಾಲು. ಅವರಿಗೆಲ್ಲ ಉತ್ತರ ಹೇಳಿ ಮುಗಿಸಿ ಫೋನು ತೆಗೆದರೆ ಅಕ್ಕನ ಮಗಳ ಸಂದೇಶ: “ಮಾಮಾ, ಸಲಾ ಹದಿನಾಲ್ಕೂವರಿ ಆಗ್ಯಾನ! ಇನ್ನ ಹ್ಯಾಂಗ?”

ಮೊಹಮ್ಮದ್ ಸಲಾ 2017ರಲ್ಲಿ ಲಿವರ್‌ಪೂಲಿಗೆ ಬಂದಾಗ ಈ ಆಟದಲ್ಲಿ ಅವನ ಬೆಲೆ 9 ಮಿಲಿಯನ್. ಆ ವರ್ಷ 32 ಗೋಲು ಹೊಡೆದು 303 ಅಂಕ ತಂದುಕೊಟ್ಟ. 2024-25ರಲ್ಲಿ 29 ಗೋಲು, 18 ಗೋಲಿಗೆ ನೆರವು. ಅಂಕ 344, ಈ ಆಟದ ಚರಿತ್ರೆಯಲ್ಲಿ ಅಷ್ಟು ಅಂಕ ಅದುವರೆಗೆ ಯಾರೂ ತಂದಿರಲಿಲ್ಲ. ಆಗ ಅವನ ಬೆಲೆ ಹನ್ನೆರಡೂವರೆ ಇತ್ತು. ಸವದತ್ತಿಯ ಮಾಸ್ತರರು ಕಾಗದ ತೆಗೆದೇ ಬಿಟ್ಟರು. ಅವರ ಹತ್ತಿರ ಇದಕ್ಕೆಂದೇ ಒಂದು ಇನ್ನೂರು ಪುಟದ ನೋಟ್‌ಬುಕ್ಕಿದೆ, ಪುಟಕ್ಕೊಂದು ಕ್ಲಬ್ಬು, ಕೆಂಪು ಪೆನ್ನಿನಿಂದ ಗೀಟು ಹಾಕಿದ ಕಾಲಮ್ಮುಗಳು. ಆ ಪುಟದ ಫೋಟೋ ಗುಂಪಿಗೆ ಬಂತು. “ನೋಡ್ರಿ ಸಾವಕಾರ್ರ, ಹ್ವಾದ ವರ್ಷ ಒಂದೊಂದ ಮಿಲಿಯನ್ನಿಗೆ ಇಪ್ಪತ್ತೇಳೂವರಿ ಅಂಕ ಕೊಟ್ಟಾನ. ಹದಿನಾಲ್ಕೂವರಿ ಕೊಟ್ಟು ಅಷ್ಟ ಫಾಯದೆ ಬೇಕಂದ್ರ ಈ ಸಲ 399 ಅಂಕ ತರಬೇಕ. ಆಗೂ ಮಾತಲ್ಲ ಇದು.” ಲೆಕ್ಕದಲ್ಲಿ ಒಂದಿಷ್ಟೂ ದೋಷವಿರಲಿಲ್ಲ.

ಆದರೂ ನಾನು ಸಲಾನನ್ನೇ ಮೊದಲು ಬರೆದುಕೊಂಡೆ. ಪ್ರೀತಿ ಒಂದು ಕಾರಣ, ಅದನ್ನು ಮುಚ್ಚಿಡುವುದಿಲ್ಲ. ಇನ್ನೊಂದು ಕಾರಣ ಅಜ್ಜನ ಕಾರಣ: ಎಂಟು ವರ್ಷ ಆ ಮನುಷ್ಯ ಹೆಗಲು ಕೊಟ್ಟು ನಡೆದಿದ್ದಾನೆ, ತಪ್ಪಿಸಿಕೊಂಡದ್ದು ತೀರ ಕಡಿಮೆ. ಅವನು ಬಂದರೆ ಉಳಿದ 14 ಮಂದಿಗೆ ಎಂಬತ್ತೈದೂವರೆ ಮಿಲಿಯನ್ ಉಳಿಯುತ್ತದೆ, ತಲೆಗೆ ಆರರ ಆಸುಪಾಸು. ಅಂದರೆ ಎರಡನೆಯ, ಮೂರನೆಯ ಲಿವರ್‌ಪೂಲಿನವನನ್ನು ತೂಗಿ ಅಳೆದು ಆರಿಸಬೇಕು. ವಿರ್ಟ್ಸ್, ಎಕಿಟಿಕೆ ಇಬ್ಬರಿಗೂ ಎಂಟೂವರೆ. ಗಾಕ್ಪೊ ಏಳೂವರೆ. ವ್ಯಾನ್ ಡೈಕ್, ಕೆರ್ಕೆಜ್, ಫ್ರಿಂಪಾಂಗ್ ತಲಾ ಆರು. ಇಷ್ಟರಲ್ಲಿ ಇಬ್ಬರು.

ಮಾಸ್ತರರು ವಿರ್ಟ್ಸ್ ಕಡೆ. ಹತ್ತು ಕೋಟಿ ಪೌಂಡು ಸುರಿದು ತಂದವನನ್ನು ಕೋಚು ಹೊರಗೆ ಕೂರಿಸುವುದಿಲ್ಲ ಎಂಬುದು ಅವರ ವಾದ. ರಾಮದುರ್ಗದ ಹುಡುಗನಿಗೆ ಎಕಿಟಿಕೆ ಬೇಕು. ಅವನ ಮನೆಯಲ್ಲಿ ಮಗ್ಗದ ಸದ್ದು ನಿಲ್ಲುವುದು ರಾತ್ರಿಯಷ್ಟೇ. ಸೀರೆಯ ಅಂಚಿನಲ್ಲಿ ಒಂದೆಳೆ ತಪ್ಪಿದರೂ ಕಾಣುವ ಕಣ್ಣು ಅವನದು. ಫ್ರಾಂಕ್‌ಫರ್ಟಿನ ಹಳೆಯ ಪಂದ್ಯಗಳ ತುಣುಕುಗಳನ್ನು ಹುಡುಕಿ ನೋಡಿ, ಚೆಂಡು ಬರುವ ಮುಂಚೆ ಈ ಹುಡುಗ ಎರಡು ಸಲ ಹಿಂದೆ ತಿರುಗಿ ನೋಡುತ್ತಾನೆ ಎಂದು ಹೇಳಿದ. ನಾನು ಹೋಗಿ ನೋಡಿದೆ. ನಿಜವಾಗಿಯೂ ನೋಡುತ್ತಾನೆ. ಅಂಕಪಟ್ಟಿಯಲ್ಲಿ ಸಿಗದ ಮಾತು ಅದು.

ಅಕ್ಕನ ಮಗಳು ಮಾತ್ರ ಬೇರೆ ದಾರಿ ಹಿಡಿದಳು. ಅವಳು ಕಾಲೇಜಿನ ಕಬಡ್ಡಿ ತಂಡದಲ್ಲಿ ಎಡ ಕಾರ್ನರ್. ಎದುರಾಳಿ ರೈಡರ್ ಕಾಲು ಚಾಚಿದ ಗಳಿಗೆಗೆ ಹಿಮ್ಮಡಿ ಹಿಡಿದು ನೆಲಕ್ಕೆ ಕೆಡಹುವುದು ಅವಳ ಕೆಲಸ. ಆ ವರ್ಷ ಫ್ಯಾಂಟಸಿ ಆಟದಲ್ಲಿ ಒಂದು ಹೊಸ ನಿಯಮ ಬಂದಿತ್ತು: ಡಿಫೆಂಡರ್ ಒಂದು ಪಂದ್ಯದಲ್ಲಿ ಟ್ಯಾಕಲ್, ತಡೆ, ನಡುವೆ ಬಂದು ಚೆಂಡು ಕಸಿಯುವುದು, ಅಪಾಯದಿಂದ ದೂರ ಒದೆಯುವುದು, ಎಲ್ಲ ಸೇರಿ ಹತ್ತು ಮಾಡಿದರೆ ಎರಡು ಅಂಕ. ಉಳಿದವರು ಈ ನಿಯಮವನ್ನು ಓದಿ ದಾಟಿಹೋದರು. ಅವಳು ಅದನ್ನೇ ಹಿಡಿದು ಕೂತಳು.

“ಕಬಡ್ಡಿಯೊಳಗ ನಾ ಒಂದ ಹಿಡಿತ ಹಿಡದ್ರ ಒಂದ ಪಾಯಿಂಟ್ ಆ ಕ್ಷಣಕ್ಕ ಬೋರ್ಡ್ ಮ್ಯಾಲ ಬರತದ ಮಾಮಾ. ಐದ ಹಿಡದ್ರ ಹೈ ಫೈವ್ ಅಂತ ಕೂಗ್ತಾರ. ಈ ಫುಟ್ಬಾಲ್ನ್ಯಾಗ ಹಿಂದ ನಿಂತಾವ ತೊಂಬತ್ತ ನಿಮಿಷ ದುಡದ್ರೂ, ಕಡೀ ನಿಮಿಷಕ್ಕ ಒಂದ ಗೋಲ್ ಬಿದ್ರ ಅವನ ಲೆಕ್ಕ ಎಲ್ಲಾ ಹೋಗ್ತಿತ್ತು. ಈಗರ ಕೇಳಾವ್ರ ಬಂದ್ರು.”

ಈ ಮಾತು ನನ್ನ ಮನಸ್ಸಿನಲ್ಲಿ ಬಹಳ ಹೊತ್ತು ಉಳಿಯಿತು. ಇಷ್ಟು ವರ್ಷ ಪಂದ್ಯ ನೋಡುವಾಗ ನನ್ನ ಕಣ್ಣು ಚೆಂಡಿನ ಜೊತೆಗೇ ಓಡುತ್ತಿತ್ತು. ಅವಳು ಹೇಳಿದ ಮೇಲೆ ಕಳೆದ ಸೀಸನ್ನಿನ ಪಂದ್ಯವೊಂದನ್ನು ಹಾಕಿಕೊಂಡು ವರ್ಜಿಲ್ ವ್ಯಾನ್ ಡೈಕನನ್ನಷ್ಟೇ ನೋಡಿದೆ. ಆರಡಿ ನಾಲ್ಕಂಗುಲದ ಆಳು ಓಡುವುದೇ ಕಡಿಮೆ. ಎದುರಾಳಿ ಬರುವ ದಾರಿಯಲ್ಲಿ ಮೊದಲೇ ಹೋಗಿ ನಿಂತಿರುತ್ತಾನೆ. ಕೈ ಚಾಚಿ ಪಕ್ಕದವನಿಗೆ ಎರಡು ಹೆಜ್ಜೆ ಮುಂದೆ ಬಾ ಅನ್ನುತ್ತಾನೆ, ಅವನು ಬರುತ್ತಾನೆ, ಅಪಾಯ ಅಲ್ಲಿಗೇ ಮುಗಿಯುತ್ತದೆ. ಕ್ಯಾಮೆರಾ ಅದನ್ನು ಹಿಡಿಯುವುದೂ ಇಲ್ಲ. ಎರಡನೆಯ ಹೆಸರು ಬರೆದೆ: ವ್ಯಾನ್ ಡೈಕ್.

ಮೂರನೆಯ ಜಾಗದ ಬಗ್ಗೆ ಬರೆಯುವಾಗ ಕೈ ನಿಧಾನವಾಗುತ್ತದೆ. ಹಿಂದಿನ ವರ್ಷಗಳಲ್ಲಿ ಆ ಜಾಗಕ್ಕೆ ಡಿಯೊಗೊ ಜೋಟಾನ ಹೆಸರು ಮತ್ತೆ ಮತ್ತೆ ಬಂದು ಹೋಗುತ್ತಿತ್ತು. ಬೆಲೆ ಕೈಗೆಟುಕುವಂಥದ್ದು, ಗೋಲಿನ ವಾಸನೆ ಹಿಡಿಯುವವ, ಗಾಯದ ಕಾಟ ಮಾತ್ರ ಬಿಡದು. 2025ರ ಏಪ್ರಿಲ್ 2ರಂದು ಎವರ್ಟನ್ ವಿರುದ್ಧ ಅವನು ಹೊಡೆದ ಒಂದೇ ಗೋಲಿಗೆ ಲಿವರ್‌ಪೂಲ್ ಗೆದ್ದಿತು. ಅದೇ ಅವನ ಕೊನೆಯ ಗೋಲು. ಜೂನ್ 22ಕ್ಕೆ ಮದುವೆ. ಜುಲೈ 3ಕ್ಕೆ ಸ್ಪೇನಿನ ರಸ್ತೆಯಲ್ಲಿ ಕಾರು ಅಪಘಾತ. ಅವನೂ ಅವನ ತಮ್ಮ ಆಂಡ್ರೆ ಸಿಲ್ವಾನೂ ಹೋದರು. ಅವನಿಗೆ 28 ವರ್ಷ, ಮೂರು ಮಕ್ಕಳು. ಕ್ಲಬ್ಬಿನವರು 20ನೇ ನಂಬರಿನ ಅಂಗಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲ ಎಂದು ತೆಗೆದಿಟ್ಟರು. ಜೋಟಾ ತಾನೇ ವಿಡಿಯೋ ಫುಟ್ಬಾಲಿನ ಹುಚ್ಚಿದ್ದವ, ಸ್ವಂತ ಇ-ಸ್ಪೋರ್ಟ್ಸ್ ತಂಡ ಕಟ್ಟಿದವ. ಫೋನಿನ ಪರದೆಯ ಮೇಲೆ ತಂಡ ಕಟ್ಟಿ ಕೂರುವ ನಮ್ಮಂಥವರ ಖುಷಿ ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ವಾರ ನಮ್ಮ ಗುಂಪಿನಲ್ಲಿ ಯಾರೂ ಬೆಲೆಯ ಮಾತು ಎತ್ತಲಿಲ್ಲ. ಮಾಸ್ತರರು ಅವನ ಸಾಲಿಗೆ ಗೀಟು ಹಾಕದೆ ಹಾಗೇ ಬಿಟ್ಟರು.

ಅಂಕ, ಬೆಲೆ, ಲಾಭ ಎಂಬ ಲೆಕ್ಕದ ಹಿಂದೆ ರಕ್ತ ಮಾಂಸದ ಮನುಷ್ಯರಿದ್ದಾರೆ ಎಂಬುದನ್ನು ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ನಾಡಿನಲ್ಲಿ ಫ್ಯಾಂಟಸಿ ಅಂದರೆ ಬಹಳ ಮಂದಿಗೆ ಕಣ್ಣ ಮುಂದೆ ಬರುವುದು ದುಡ್ಡು ಕಟ್ಟುವ ಆಟ. 2008ರಲ್ಲಿ ಶುರುವಾದ ಡ್ರೀಮ್11 ಮೊದಲಾದ ಆ್ಯಪುಗಳು ಐಪಿಎಲ್ ಬಂತೆಂದರೆ ಚಹಾದಂಗಡಿಯ ಬೆಂಚುಗಳನ್ನೆಲ್ಲ ಆವರಿಸಿಕೊಳ್ಳುತ್ತಿದ್ದವು. ಕರ್ನಾಟಕ ಸರ್ಕಾರ 2021ರ ಅಕ್ಟೋಬರಿನಲ್ಲಿ ಕಾನೂನು ತಂದು ಪಣಕ್ಕಿಟ್ಟ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ನಿಷೇಧದ ಕಲಮುಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡಿನ ಆಟಗಳನ್ನು ಇಡೀ ದೇಶಕ್ಕೇ ನಿಲ್ಲಿಸುವ ಕಾಯ್ದೆ ಮಾಡಿತು. ಆ ತಿಂಗಳ 22ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕಾನೂನಿನ ಸೂಕ್ಷ್ಮ ವಕೀಲರಿಗೆ ಬಿಟ್ಟದ್ದು. ಓಸಿ ಚೀಟಿ, ಮಟಕಾ ನಂಬರು ಎಂದು ಹೊಲ ಮಾರಿಕೊಂಡ ಮನೆಗಳನ್ನು ನಮ್ಮ ಓಣಿಯಲ್ಲೇ ನೋಡಿ ಬೆಳೆದವನು ನಾನು. ಆಟಗಾರನ ಮೇಲೆ ದುಡ್ಡು ಕಟ್ಟಿದ ಕ್ಷಣಕ್ಕೆ ಅವನು ಆಡುವುದನ್ನು ನೋಡುವ ಕಣ್ಣು ಕುರುಡಾಗುತ್ತದೆ. ಅವನು ಬಿದ್ದರೆ ಅಯ್ಯೋ ಅನ್ನುವ ಬದಲು ನನ್ನ ದುಡ್ಡು ಹೋಯಿತಲ್ಲ ಅನ್ನಿಸುತ್ತದೆ. ನಮ್ಮ ಲೀಗಿನಲ್ಲಿ ಪೈಸೆಯ ಮಾತಿಲ್ಲ. ಮೇ ತಿಂಗಳಲ್ಲಿ ಸೀಸನ್ ಮುಗಿದ ಮೇಲೆ ನಾಲ್ವರೂ ಸೊಗಲದಲ್ಲಿ ಸೇರುತ್ತೇವೆ. ಗೆದ್ದವರು ಮಿರ್ಚಿ-ಚುರುಮುರಿ ಕೊಡಿಸುತ್ತಾರೆ. ಸೋತವರ ಜೇಬಿಗೆ ಕೈ ಹಾಕುವ ಪದ್ಧತಿ ನಮ್ಮಲ್ಲಿ ಮೊದಲಿನಿಂದ ಇಲ್ಲ.

2025ರ ಸೀಸನ್ ಶುರುವಾದದ್ದು ಆಗಸ್ಟ್ 15ರ ರಾತ್ರಿ. ನಮ್ಮ ತಾಲೂಕಿಗೆ ಆ ದಿನ ಎರಡು ಹಬ್ಬ. ಸ್ವಾತಂತ್ರ್ಯದ ದಿನ, ಜೊತೆಗೆ ಸಂಗೊಳ್ಳಿ ರಾಯಣ್ಣ ಹುಟ್ಟಿದ ದಿನ. ಸಂಗೊಳ್ಳಿ ನಮ್ಮ ಬೈಲಹೊಂಗಲ ತಾಲೂಕಿನ ಊರು. ರಾಣಿ ಚೆನ್ನಮ್ಮನ ಸಮಾಧಿ ನಮ್ಮ ಊರೊಳಗೇ ಇದೆ. ಬೆಳಿಗ್ಗೆ ಶಾಲೆಯ ಮಕ್ಕಳ ಪ್ರಭಾತಫೇರಿ, ಧ್ವಜಾರೋಹಣ, ಚೆನ್ನಮ್ಮನಿಗೂ ರಾಯಣ್ಣನಿಗೂ ಮಾಲೆ. ಅಂಗಡಿ ಅರ್ಧ ದಿನ ಮುಚ್ಚಿದ್ದೆ. ಲಿವರ್‌ಪೂಲಿನ ಮೊದಲ ಪಂದ್ಯ ಇಂಗ್ಲೆಂಡಿನಲ್ಲಿ ರಾತ್ರಿ ಎಂಟಕ್ಕೆ, ನಮಗೆ ಹನ್ನೆರಡೂವರೆಗೆ. ತಂಡ ಬದಲಿಸುವ ಗಡುವು ಅದಕ್ಕೆ ಒಂದೂವರೆ ತಾಸು ಮುಂಚೆ, ಅಂದರೆ ರಾತ್ರಿ ಹನ್ನೊಂದು. ಹತ್ತೂವರೆಯ ತನಕ ನನ್ನ ಮೂರನೆಯ ಹೆಸರು ಗಟ್ಟಿಯಾಗಿರಲಿಲ್ಲ. ವಿರ್ಟ್ಸ್, ಎಕಿಟಿಕೆ, ವಿರ್ಟ್ಸ್, ಎಕಿಟಿಕೆ. ಕೊನೆಗೆ ಮಗ್ಗದ ಮನೆಯ ಹುಡುಗನ ಕಣ್ಣನ್ನು ನಂಬಿ ಎಕಿಟಿಕೆಯನ್ನು ಬರೆದೆ. ಕ್ಯಾಪ್ಟನ್ ಸಲಾ.

ಅತ್ತ ಆ ಹುಡುಗ ಇನ್ನೊಂದು ಕೆಲಸ ಮಾಡಿದ್ದ. ಲಿವರ್‌ಪೂಲಿನವರು ಮೂವರಾದ ಮೇಲೆ ಆ ಪಂದ್ಯದ ಎದುರಾಳಿ ಬೋರ್ನ್‌ಮತ್ತಿನಿಂದ ಏಳು ಮಿಲಿಯನ್ನಿನ ಆಂಟ್ವಾನ್ ಸೆಮೆನ್ಯೊನನ್ನೂ ತೆಗೆದುಕೊಂಡಿದ್ದ. “ನಮ್ಮವರ ಮ್ಯಾಲ ನೀನs ಆಡಸ್ತೀ ಏನೋ?” ಎಂದು ಮಾಸ್ತರರು ರೇಗಿದರು. “ಚಲೋ ಆಡಾವ ಯಾ ಕಡೆ ಇದ್ರೂ ಚಲೋನs ಅಲ್ರೀ ಸರ,” ಎಂದ.

ಪಂದ್ಯದ ಇಪ್ಪತ್ತನೆಯ ನಿಮಿಷಕ್ಕೆ ಲಿವರ್‌ಪೂಲಿನ ಮೈದಾನ ಆನ್‌ಫೀಲ್ಡ್ ಪೂರ್ತಿ ಜೋಟಾನ ಹಾಡು ಹಾಡಿತು. ಮೂವತ್ತೇಳನೆಯ ನಿಮಿಷಕ್ಕೆ ಎಕಿಟಿಕೆ ಗೋಲು ಹೊಡೆದ. ಆಮೇಲೆ ಗಾಕ್ಪೊ. ನಮ್ಮ ಗುಂಪಿನಲ್ಲಿ ಸಂತೋಷದ ಸಂದೇಶಗಳು ಒಂದರ ಮೇಲೊಂದು. ಆದರೆ ಅದಕ್ಕೂ ಮೊದಲು ಒಂದು ಕೆಟ್ಟ ಸಂಗತಿ ನಡೆದಿತ್ತು. ಪ್ರೇಕ್ಷಕನೊಬ್ಬ ಸೆಮೆನ್ಯೊನ ಬಣ್ಣ ಹಿಡಿದು ಬೈದಿದ್ದ. ಸೆಮೆನ್ಯೊ ರೆಫರಿಗೆ ಹೇಳಿದ, ಆಟ ನಿಂತಿತು, ಎರಡೂ ತಂಡದ ನಾಯಕರನ್ನು ಕರೆದು ಮಾತಾಡಿ ಮತ್ತೆ ಶುರು ಮಾಡಿದರು. ನಾನು ಪ್ರೀತಿಸುವ ಮೈದಾನದಲ್ಲಿ ಹೀಗಾಯಿತಲ್ಲ ಎಂದು ಮೈಯೆಲ್ಲ ಉರಿಯಿತು. ದ್ವಿತೀಯಾರ್ಧದಲ್ಲಿ ಸೆಮೆನ್ಯೊ ಎರಡು ಗೋಲು ಹೊಡೆದ. ಎರಡನೆಯದಂತೂ ತನ್ನ ಅರ್ಧದಿಂದ ಚೆಂಡು ತೆಗೆದುಕೊಂಡು ಒಬ್ಬನೇ ಓಡಿಬಂದು ಹೊಡೆದದ್ದು. ಎರಡು-ಎರಡು. ನನ್ನ ತಂಡ ಗೆಲುವನ್ನು ಕಳೆದುಕೊಳ್ಳುವ ಹಾದಿಯಲ್ಲಿತ್ತು. ಆದರೂ ಆ ಓಟ ಮುಗಿದಾಗ ನಾನು ಎದ್ದು ನಿಂತಿದ್ದೆ. ಕೊನೆಗೆ ಕಿಯೇಸಾ ಒಂದು, ಹೆಚ್ಚುವರಿ ನಿಮಿಷಗಳಲ್ಲಿ ಸಲಾ ಒಂದು ಹೊಡೆದು ಲಿವರ್‌ಪೂಲ್ 4-2ರಿಂದ ಗೆದ್ದಿತು. ಆಟ ಮುಗಿದ ಮೇಲೆ ಸಲಾ ಜೋಟಾನ ಹಾಡು ಹಾಡುತ್ತಿದ್ದ ಮಂದಿಯ ಎದುರಿಗೆ ಒಬ್ಬನೇ ನಿಂತು ಕಣ್ಣೀರು ಒರೆಸಿಕೊಂಡ.

ವ್ಯಾನ್ ಡೈಕನ ತಂಡ ಎರಡು ಗೋಲು ಬಿಟ್ಟುಕೊಟ್ಟಿದ್ದರಿಂದ ಆ ನಾಲ್ಕು ಅಂಕ ಬರಲಿಲ್ಲ, ಮೇಲೆ ಒಂದು ಕಳೆ. ಅಕ್ಕನ ಮಗಳು ಕದಲಲಿಲ್ಲ. “ಮೂವತ್ತೇಳ ಪಂದ್ಯ ಉಳದಾವ ಮಾಮಾ,” ಎಂದಷ್ಟೇ ಬರೆದಳು.

ಆ ಸೀಸನ್ ಮುಂದೆ ಹೇಗೆ ತಿರುಗಿತು ಎಂಬುದನ್ನು ಫುಟ್ಬಾಲ್ ನೋಡುವವರೆಲ್ಲ ಬಲ್ಲರು. ಚಾಂಪಿಯನ್ನರು ಸೋಲಿನ ಮೇಲೆ ಸೋಲು ಕಂಡರು. ಸಲಾನ ಕಾಲಿನ ಮೋಡಿ ಹಿಂದಿನಂತೆ ನಡೆಯಲಿಲ್ಲ. ನವೆಂಬರ್ ಕೊನೆಯಿಂದ ಸತತ ಮೂರು ಲೀಗ್ ಪಂದ್ಯಗಳಿಗೆ ಅವನನ್ನು ಬೆಂಚಿನ ಮೇಲೆ ಕೂರಿಸಿದರು. ಮಾಸ್ತರರ 399ರ ಲೆಕ್ಕ ಗೆದ್ದಿತು. ಅವನಿಗೆ ಕೊಟ್ಟ ಹದಿನಾಲ್ಕೂವರೆಯನ್ನು ಬೇರೆ ಕಡೆ ಹಾಕಿದ್ದರೆ ಅಂಕ ಹೆಚ್ಚು ಬರುತ್ತಿತ್ತು ಎಂಬುದು ಸರಿ. ಆದರೆ ಎಂಟು ವರ್ಷ ನಡೆದ ಹೆಗಲನ್ನು ಎರಡು ತಿಂಗಳು ಕುಂಟಿತೆಂದು ಸಂತೆಗೆ ಹೊಡೆಯುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಅಜ್ಜನೂ ಮುದಿಯಾದ ಜೋಡಿಯನ್ನು ಮಾರಲಿಲ್ಲ, ಕೊಟ್ಟಿಗೆಯಲ್ಲೇ ಸಾಕಿದ. ನಾನು ಸಲಾನನ್ನು ಬಹಳ ದಿನ ಇಟ್ಟುಕೊಂಡೆ. ಅದು ನನ್ನ ತೀರ್ಮಾನ, ಅದರ ಮೇಲೆ ನನಗೆ ಈಗಲೂ ನಂಬಿಕೆಯಿದೆ.

ಮೂವರ ನಿಯಮದ ಬಗ್ಗೆ ನನ್ನ ಸಿಟ್ಟು ಮಾತ್ರ ಈಗ ಇಳಿದಿದೆ. ಹದಿನೈದೂ ಮಂದಿಯನ್ನು ಲಿವರ್‌ಪೂಲಿನಿಂದಲೇ ತುಂಬುವ ಅವಕಾಶ ಇದ್ದಿದ್ದರೆ ನಾನು ಸೆಮೆನ್ಯೊನನ್ನು ನೋಡುತ್ತಲೇ ಇರಲಿಲ್ಲ. ಉಳಿದ ಹನ್ನೆರಡು ಜಾಗ ತುಂಬಲು ಹೋಗಿಯೇ ಬ್ರೆಂಟ್‌ಫರ್ಡ್, ಫುಲ್ಹಮ್, ಕ್ರಿಸ್ಟಲ್ ಪ್ಯಾಲೇಸಿನ ಆಟಗಾರರ ಹೆಸರು, ಊರು, ಓಡುವ ಬಗೆ ನನಗೆ ಪರಿಚಯವಾದದ್ದು. ನಾಲ್ಕೂವರೆ ಮಿಲಿಯನ್ನಿನ ಡಿಫೆಂಡರ್ ಮಳೆಯಲ್ಲಿ ಹೆಣಗುವುದನ್ನು ನೋಡುತ್ತ ಮಧ್ಯರಾತ್ರಿ ಕೂತದ್ದೂ ಅದೇ ಕಾರಣಕ್ಕೆ. ಸ್ವಂತ ಕ್ಲಬ್ಬಿನೊಳಗೂ ಅಷ್ಟೇ: ಮೂವರನ್ನು ಆರಿಸುವುದಕ್ಕೆಂದು ಇಪ್ಪತ್ತೈದು ಮಂದಿಯನ್ನೂ ಹತ್ತಿರದಿಂದ ನೋಡಿದೆ.

ಈಗ ಗುಂಪಿನಲ್ಲಿ ಮುಂದಿನ ಹಂಗಾಮಿನ ಮಾತು ಎದ್ದಿದೆ. ಮೂವರಲ್ಲಿ ಒಬ್ಬ ಡಿಫೆಂಡರ್ ಇರಲೇಬೇಕು ಎಂಬುದಕ್ಕೆ ನಾಲ್ವರದ್ದೂ ಒಪ್ಪಿಗೆ. ಉಳಿದ ಎರಡು ಜಾಗದ ಜಗಳ ಸದ್ಯಕ್ಕೆ ಮುಗಿಯುವ ಲಕ್ಷಣವಿಲ್ಲ. ಮಾಸ್ತರರು ಹೊಸ ನೋಟ್‌ಬುಕ್ ತಂದಿದ್ದಾರೆ. ರಾಮದುರ್ಗದಿಂದ ದಿನಕ್ಕೊಂದು ವಿಡಿಯೋ ತುಣುಕು ಬರುತ್ತಿದೆ. ಅಕ್ಕನ ಮಗಳು ನಿನ್ನೆ ಹೊಸ ಪಟ್ಟು ಹಾಕಿದ್ದಾಳೆ: “ಮಾಮಾ, ಈ ಸಲ ಹಿಂದ ಇಬ್ಬರ್ನ ತಗೋರಿ. ಮೂರನೇದಾವ ಗೋಲ್‌ಕೀಪರ್. ಮುಂದ ನಿಂತು ಹೊಡಿಯಾವ್ರನ್ನ ಬ್ಯಾರೆ ಕ್ಲಬ್ಬಿಂದ ತರೂಣ.” ಲಿವರ್‌ಪೂಲಿನಿಂದ ಒಬ್ಬ ಫಾರ್ವರ್ಡನೂ ಇಲ್ಲದ ತಂಡವನ್ನು ನಾನು ಇವತ್ತಿನವರೆಗೆ ಕಟ್ಟಿಲ್ಲ. ಅವಳಿಗೆ ಇನ್ನೂ ಉತ್ತರ ಬರೆದಿಲ್ಲ, ಯೋಚಿಸುತ್ತಿದ್ದೇನೆ.